ಎಕ್ಸ್‌ರೇ ಕ್ಲಿಯರ್, ಆದರೆ ಕತ್ತು ತಿರುಗುತ್ತಿಲ್ಲ. ಒಳಪೆಟ್ಟಿಗೆ ಪರಿಹಾರ ಕೇಳಬಹುದಾ?

ರಿಂಗ್‌ರೋಡ್ ಸವಾರ | ಗುರುವಾರ ರಾತ್ರಿ 10.15

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಸಲಹೆ ಕೊಡಿ.

ಇವತ್ತಿಗೆ ಒಂಬತ್ತು ದಿನ ಆಯಿತು. ಸಂಜೆ ಏಳರ ಹೊತ್ತು. ನಾಗರಬಾವಿ ಕಡೆ ರಿಂಗ್ ರೋಡ್ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದೆ. ಜಿಟಿಜಿಟಿ ಮಳೆ. ಹಿಂದಿನಿಂದ ಟೊಮೆಟೊ ಕ್ರೇಟ್ ತುಂಬಿದ ಗೂಡ್ಸ್ ಗಾಡಿ ಬಂದು ಗುದ್ದಿತು. ತಲೆ ಒಂದು ಸಲ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಗಾಡಿ ಸಮೇತ ಎಡಕ್ಕೆ ಬಿದ್ದೆ. ಪುಣ್ಯಕ್ಕೆ ಹೆಲ್ಮೆಟ್ ಇತ್ತು. ತಮಾಷೆ ಅಂದರೆ, ಸುತ್ತ ಇದ್ದವರಲ್ಲಿ ಅರ್ಧ ಜನ ಮೊದಲು ಟೊಮೆಟೊ ಆರಿಸಿದರು, ಆಮೇಲೆ ನನ್ನನ್ನು ಎತ್ತಿದರು.

ಡ್ರೈವರ್‌ಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. "ಅಣ್ಣಾ, ಓನರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ" ಅಂತ ಕೈ ಮುಗಿದ. ಅಲ್ಲೇ ಎರಡು ಸಾವಿರ ಫೋನ್‌ಪೇ ಮಾಡಿದ. ನನಗೂ ಅಯ್ಯೋ ಅನಿಸಿತು, ಬಿಟ್ಟೆ. ಹತ್ತಿರದ ನರ್ಸಿಂಗ್ ಹೋಂಗೆ ಹೋದೆ. ತರಚಿದ ಮೊಣಕೈಗೆ ಡ್ರೆಸ್ಸಿಂಗ್ ಮಾಡಿದರು, ಒಂದು ಟಿಟಿ ಇಂಜೆಕ್ಷನ್ ಕೊಟ್ಟರು, ಭುಜದ ಎಕ್ಸ್‌ರೇ ತೆಗೆದರು. "ಮೂಳೆ ಚೆನ್ನಾಗಿದೆ, ಏನೂ ಆಗಿಲ್ಲ, ಹೋಗಿ" ಅಂದರು.

ಮೂರನೇ ದಿನ ಬೆಳಗ್ಗೆ ಹಾಸಿಗೆಯಿಂದ ತಲೆ ಎತ್ತಲು ಆಗಲಿಲ್ಲ. ಕೈಯಲ್ಲಿ ತಲೆ ಹಿಡಿದುಕೊಂಡು ಎದ್ದೆ. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಕತ್ತಿನ ಎಕ್ಸ್‌ರೇ ತೆಗೆಸಿದರು, ಅದೂ ಕ್ಲಿಯರ್. ಮಾತ್ರೆ ಕೊಟ್ಟರು. ನಾನು ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಇಡೀ ದಿನ ಸ್ಕ್ರೀನ್ ಮುಂದೆ. ಒಂದು ವಾರದಿಂದ ರಜೆ, ಸಂಬಳ ಇಲ್ಲ.

ಅಮ್ಮ ಪುತ್ತೂರು ಕಟ್ಟು ಹಾಕಿಸು ಅನ್ನುತ್ತಿದ್ದಾರೆ. ಭಾವ "ಮೂಳೆ ಮುರಿದಿಲ್ಲ ಅಂದ ಮೇಲೆ ಯಾವ ಪರಿಹಾರ, ಸುಮ್ನಿರು" ಅನ್ನುತ್ತಾರೆ. ಎಫ್‌ಐಆರ್ ಮಾಡಿಸಿಲ್ಲ. ಎರಡು ಸಾವಿರ ತಗೊಂಡೂ ಆಗಿದೆ. ಈಗ ಏನಾದರೂ ಮಾಡಬಹುದಾ?

ಬನಶಂಕರಿ ಬಸ್‌ಸ್ಟಾಪ್ | ಗುರುವಾರ ರಾತ್ರಿ 10.31

ಗಾಡಿ ನಂಬರ್ ಇದೆಯಾ ಗುರು? ಅದಿಲ್ಲ ಅಂದ್ರೆ ಉಳಿದಿದ್ದೆಲ್ಲ ಕಥೆ.

ರಿಂಗ್‌ರೋಡ್ ಸವಾರ | ಗುರುವಾರ ರಾತ್ರಿ 10.36

ಇದೆ. ಟೊಮೆಟೊ ಉರುಳಿದ್ದನ್ನು ಗೆಳೆಯರಿಗೆ ಕಳಿಸೋಣ ಅಂತ ಫೋಟೊ ತೆಗೆದಿದ್ದೆ. ಅದರಲ್ಲಿ ನಂಬರ್ ಪ್ಲೇಟ್ ಬಂದಿದೆ.

ಮೇಯೋಹಾಲ್ ಜೂನಿಯರ್ | ಗುರುವಾರ ರಾತ್ರಿ 11.20

ನಾನು ಎಂವಿಸಿ ಕೇಸ್ (ರಸ್ತೆ ಅಪಘಾತದ ಪರಿಹಾರದ ಕೇಸ್) ನಡೆಸುವ ಸೀನಿಯರ್ ಒಬ್ಬರ ಕೈಕೆಳಗೆ ಕೆಲಸ ಮಾಡುತ್ತೇನೆ. ಸವಾರ ಅವರೇ, ಮೊದಲು ನಿಮ್ಮ ಭಾವನ ಮಾತು ಬಿಡಿ. ಮೂಳೆ ಮುರಿಯಲೇಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 166ರಲ್ಲಿ ಗಾಯ ಆದವರು ಯಾರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ಎದುರಿನವರ ತಪ್ಪು ಅಂತ ತೋರಿಸಬೇಕು. ನಿಂತ ಗಾಡಿಗೆ ಹಿಂದಿನಿಂದ ಗುದ್ದಿದ್ದು, ಆ ಮಟ್ಟಿಗೆ ನಿಮ್ಮ ಕೇಸ್ ಗಟ್ಟಿ.

ನಾಳೆಯೇ ಟ್ರಾಫಿಕ್ ಠಾಣೆಗೆ ಹೋಗಿ. ಒಂಬತ್ತು ದಿನ ತಡ ಆಗಿದೆ, ಯಾಕೆ ಅಂತ ದೂರಿನಲ್ಲೇ ಬರೆಯಿರಿ. ಸುಳ್ಳು ಬೇಡ. "ಮೊದಲ ದಿನ ನೋವು ಕಾಣಲಿಲ್ಲ, ಮೂರನೇ ದಿನದಿಂದ ಕತ್ತು ತಿರುಗುತ್ತಿಲ್ಲ, ಮನೆಯಲ್ಲಿ ಮಲಗಿದ್ದೆ" ಅಂತ ಇದ್ದದ್ದು ಇದ್ದ ಹಾಗೆ. ದೂರು ತಡವಾಯಿತು ಅನ್ನುವುದೊಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಅಂತ ರವಿ ಮತ್ತು ಬದ್ರಿನಾರಾಯಣ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗಂತ ಇನ್ನೂ ತಡ ಮಾಡಬೇಡಿ.

ಇನ್ನು ಹದಿನೈದು ದಿನದ ವಿಷಯ. ಇದು ಒಳಪೆಟ್ಟಿನವರಿಗೆ ಯಾರೂ ಹೇಳಿರಲ್ಲ. ಆಸ್ಪತ್ರೆಯವರು ಪೊಲೀಸರಿಗೆ ವೂಂಡ್ ಸರ್ಟಿಫಿಕೇಟ್ ಕೊಡುತ್ತಾರೆ. ಅದರಲ್ಲಿ ಪ್ರತಿ ಗಾಯದ ಮುಂದೆ ಸಾದಾ ಅಥವಾ ತೀವ್ರ ಅಂತ ಬರೆಯಬೇಕು. ಮೂಳೆ ಮುರಿದಿದ್ದರೆ, ಕೀಲು ತಪ್ಪಿದ್ದರೆ ತೀವ್ರ. ಉಳುಕು, ಮೂಗೇಟು ಎಲ್ಲ ಕಣ್ಣು ಮುಚ್ಚಿಕೊಂಡು ಸಾದಾ. ಆದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 116 ಓದಿ. ಹದಿನೈದು ದಿನ ತೀವ್ರ ನೋವು ಅನುಭವಿಸಿದರೆ, ಅಥವಾ ಅಷ್ಟು ದಿನ ತನ್ನ ದಿನನಿತ್ಯದ ಕೆಲಸ ಮಾಡಲು ಆಗದಿದ್ದರೆ ಅದೂ ತೀವ್ರ ಗಾಯವೇ. ಹಳೇ ಐಪಿಸಿಯಲ್ಲಿ ಇದು ಇಪ್ಪತ್ತು ದಿನ ಇತ್ತು. 2024ರ ಜುಲೈ 1ರಿಂದ ಹದಿನೈದು. ನಿಮ್ಮದು ಈಗ ಒಂಬತ್ತನೇ ದಿನ. ನಾನು ನೋವು ಎಳೆಯಿರಿ ಅನ್ನುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನಿಜವಾಗಿ ನೋವಿದ್ದರೆ ಅದು ಪ್ರತಿ ಸಲ ಡಾಕ್ಟರ ಚೀಟಿಯಲ್ಲಿ ಬರಬೇಕು, ಅಷ್ಟೇ.

ರಿಂಗ್‌ರೋಡ್ ಸವಾರ | ಶುಕ್ರವಾರ ಬೆಳಗ್ಗೆ 6.50

ತುಂಬಾ ಥ್ಯಾಂಕ್ಸ್ ಸರ್. ಎರಡು ಸಾವಿರದ ಕಥೆ ಏನು? ಅದರಿಂದ ನನ್ನ ಹಕ್ಕು ಹೋಯಿತಾ?

ಮೇಯೋಹಾಲ್ ಜೂನಿಯರ್ | ಶುಕ್ರವಾರ ಬೆಳಗ್ಗೆ 8.05

"ಪೂರ್ತಿ ಪರಿಹಾರ ಸಂದಿದೆ, ಮುಂದೆ ಯಾವ ತಕರಾರೂ ಇಲ್ಲ" ಅಂತ ಎಲ್ಲಾದರೂ ಸಹಿ ಹಾಕಿದ್ದೀರಾ? ಇಲ್ಲ ತಾನೆ? ಹಾಗಿದ್ದರೆ ಅದು ಡ್ರೆಸ್ಸಿಂಗ್ ಖರ್ಚು, ಅಷ್ಟೇ. ಅದೂ ಅಲ್ಲದೆ ಆ ಫೋನ್‌ಪೇ ಮೆಸೇಜ್ ನಿಮ್ಮ ಪರವಾಗಿಯೇ ಇದೆ. ಡ್ರೈವರ್ ಹೆಸರು, ತಾರೀಖು, ಸಮಯ ಎಲ್ಲ ಅದರಲ್ಲಿರುತ್ತದೆ. ಆ ಹೊತ್ತಿನಲ್ಲಿ ಪರಿಚಯವೇ ಇಲ್ಲದ ನಿಮಗೆ ಅವನು ದುಡ್ಡು ಯಾಕೆ ಕಳಿಸಿದ? ಸ್ಕ್ರೀನ್‌ಶಾಟ್ ಅಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ.

ಮತ್ತೆ ಸ್ಕೂಟರ್ ರಿಪೇರಿ ಮಾಡಿಸಬೇಡಿ. ಮೋಟಾರು ವಾಹನ ನಿರೀಕ್ಷಕರು ಎರಡೂ ಗಾಡಿ ನೋಡಿ ವರದಿ ಕೊಡಬೇಕು.

ರಿಂಗ್‌ರೋಡ್ ಸವಾರ | ಶುಕ್ರವಾರ ಬೆಳಗ್ಗೆ 8.11

ಟೈಲ್ ಲ್ಯಾಂಪ್ ಬದಲಾಯಿಸಿಬಿಟ್ಟೆನಲ್ಲ ಸರ್! ಹಳೇದರ ಚೂರು ಡಿಕ್ಕಿಯಲ್ಲೇ ಇದೆ, ಗ್ಯಾರೇಜ್ ಬಿಲ್ ಇದೆ. ಹಿಂದಿನ ಮಡ್‌ಗಾರ್ಡ್ ಇನ್ನೂ ಸೊಟ್ಟಗೇ ಇದೆ.

ಮೇಯೋಹಾಲ್ ಜೂನಿಯರ್ | ಶುಕ್ರವಾರ ಬೆಳಗ್ಗೆ 8.14

ಸೊಟ್ಟ ಇರಲಿ. ಚೂರೂ ಇರಲಿ.

ಹಳೇ ಕ್ಲೇಮ್ಸ್ ಕೈ | ಶುಕ್ರವಾರ ಬೆಳಗ್ಗೆ 10.40

ವಿಮಾ ಕಂಪನಿಯೊಂದರ ಥರ್ಡ್ ಪಾರ್ಟಿ ವಿಭಾಗದಲ್ಲಿ ಮೂವತ್ತು ವರ್ಷ ಕೂತು ನಿವೃತ್ತನಾದವನು ನಾನು. ಆ ಕಡೆಯವರ ಕಣ್ಣಿಗೆ ಈ ಕೇಸ್ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಫೈಲ್ ಮೇಜಿಗೆ ಬಂದಾಗ ನಾವು ಮೊದಲು ಗಾಯ ನೋಡುತ್ತಿರಲಿಲ್ಲ. ತಾರೀಖು ನೋಡುತ್ತಿದ್ದೆವು. ಅಪಘಾತ ಯಾವತ್ತು, ಆಸ್ಪತ್ರೆ ಯಾವತ್ತು, ಎಫ್‌ಐಆರ್ ಯಾವತ್ತು. ನಡುವೆ ಸಂದು ಇದ್ದರೆ ಅಲ್ಲಿ ಬೆರಳಿಡುತ್ತಿದ್ದೆವು. ಆಮೇಲೆ ಮೊದಲ ದಿನದ ಚೀಟಿ. ಸವಾರ ಅವರ ಮೊದಲ ದಿನದ ಚೀಟಿಯಲ್ಲಿ ಮೊಣಕೈ ಇದೆ, ಭುಜ ಇದೆ, ಕತ್ತು ಇಲ್ಲ. ಕಂಪನಿಯ ವಕೀಲರು ಪಾಟಿ ಸವಾಲಿನಲ್ಲಿ ಕೇಳುವುದು ಒಂದೇ: "ಮೊದಲ ದಿನ ಕತ್ತು ನೋವು ಅಂತ ಹೇಳಿಲ್ಲ, ಸರಿಯಾ? ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರಿಗೆ ಕತ್ತು ನೋವು ಬರುವುದು ಸಹಜ, ಸರಿಯಾ?" ಮುಗಿಯಿತು.

ಮೂರನೇ ದಿನದ ಕ್ಲಿನಿಕ್ ಚೀಟಿಯಲ್ಲಿ ಅಪಘಾತ ಅಂತ ಬರೆದಿದ್ದಾರಾ ನೋಡಿ. ಬರೆದಿರಲ್ಲ, ಬೇಕಾದರೆ ಬೆಟ್ಟು ಕಟ್ಟುತ್ತೇನೆ. ಇವತ್ತೇ ಮೊದಲು ಹೋದ ಆಸ್ಪತ್ರೆಗೇ ವಾಪಸ್ ಹೋಗಿ. ರಸ್ತೆ ಅಪಘಾತದಿಂದ ಆದ ನೋವು ಅಂತ ಬರೆಸಬೇಕು, ಆಸ್ಪತ್ರೆಯವರ ಭಾಷೆಯಲ್ಲಿ ಅದು "ಆರ್‌ಟಿಎ ಹಿಸ್ಟರಿ". ಇಂಥ ದಿನ ಇಂಥ ಕಡೆ ಹಿಂದಿನಿಂದ ಗಾಡಿ ಗುದ್ದಿತು, ಮೂರನೇ ದಿನದಿಂದ ಕತ್ತು ನೋವು ಅಂತ ಹೇಳಿ ಬರೆಸಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ಆಸ್ಪತ್ರೆಯವರು ಮಾಡುವ ದಾಖಲೆ) ಆಗಿದೆಯಾ ಕೇಳಿ. ಆಗಿಲ್ಲದಿದ್ದರೆ ಮಾಡಿಸಿ.

ಪುತ್ತೂರು ಕಟ್ಟಿನ ಬಗ್ಗೆ ನನ್ನ ತಕರಾರಿಲ್ಲ, ನಮ್ಮ ತಂದೆಗೂ ಹಾಕಿಸಿದ್ದೆವು. ಆದರೆ ಅಲ್ಲಿ ಕೊಡುವ ಎಣ್ಣೆ ಬಾಟಲಿಗೆ ಬಿಲ್ ಇರಲ್ಲ, ದಾಖಲೆ ಇರಲ್ಲ. ನ್ಯಾಯಾಧೀಶರಿಗೆ ಬಾಟಲಿ ತೋರಿಸುವುದಕ್ಕೆ ಆಗಲ್ಲ ಅಲ್ವಾ.

ರಿಂಗ್‌ರೋಡ್ ಸವಾರ | ಶುಕ್ರವಾರ ಬೆಳಗ್ಗೆ 10.58

ಬೆಟ್ಟು ನೀವೇ ಗೆದ್ದಿರಿ ಸರ್. ಚೀಟಿಯಲ್ಲಿ "ಕತ್ತು ನೋವು, 1 ದಿನ" ಅಂತ ಮಾತ್ರ ಇದೆ.

ಜೆಪಿ ನಗರ 7ನೇ ಹಂತ | ಶುಕ್ರವಾರ ಮಧ್ಯಾಹ್ನ 12.20

ಎಲ್ಲರೂ ಸೇರಿ ಒಬ್ಬನಿಗೆ ಕೇಸ್ ಹೆಣೆಯುವುದು ಹೇಗೆ ಅಂತ ಕಲಿಸುತ್ತಿದ್ದೀರಿ. ಕತ್ತಿಗೆ ಪಟ್ಟಿ ಹಾಕಿಕೊಂಡು ದುಡ್ಡು ಕೀಳುವವರಿಂದಲೇ ನಮ್ಮ ಪ್ರೀಮಿಯಂ ಏರುವುದು. ಆ ಡ್ರೈವರ್ ಹುಡುಗನ ಗತಿ ಏನು?

ಫಿಸಿಯೋ ಅಕ್ಕ | ಶುಕ್ರವಾರ ಮಧ್ಯಾಹ್ನ 1.45

ಜೆಪಿ ನಗರದವರೇ, ಒಂದು ಸಲ ನನ್ನ ಕ್ಲಿನಿಕ್‌ಗೆ ಬನ್ನಿ. ಎಕ್ಸ್‌ರೇ ಕ್ಲಿಯರ್ ಅಂದ ಮಾತ್ರಕ್ಕೆ ಸುಳ್ಳು ಅಂತ ಹೇಗೆ ಹೇಳುತ್ತೀರಿ? ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಮಾಂಸಖಂಡ, ಲಿಗಮೆಂಟ್, ಮೂಳೆಗೆ ಮಾಂಸ ಅಂಟಿಸುವ ಸ್ನಾಯುರಜ್ಜು, ಇವು ಅದರಲ್ಲಿ ಕಾಣುವುದೇ ಇಲ್ಲ. ಎಂಆರ್‌ಐಯಲ್ಲಿ ಕಾಣಬಹುದು, ಕೆಲವಕ್ಕೆ ಅಲ್ಟ್ರಾಸೌಂಡ್ ಸಾಕು. ಕತ್ತಿನ ಜರ್ಕ್‌ನಲ್ಲಿ ಎಷ್ಟೋ ಸಲ ಎಂಆರ್‌ಐಯಲ್ಲೂ ಏನೂ ಕಾಣಲ್ಲ, ಆದರೂ ನೋವು ನಿಜ.

ಮರುದಿನವೋ ಮೂರನೇ ದಿನವೋ ನೋವು ಶುರುವಾಗುವುದೂ ಮಾಮೂಲಿ. ಬಿದ್ದ ಹೊತ್ತಿನಲ್ಲಿ ಮೈ ಬಿಸಿ ಇರುತ್ತದೆ, ಗಾಬರಿ ಇರುತ್ತದೆ. ಊತ, ಬಿಗಿತ ನಿಧಾನಕ್ಕೆ ಏರುತ್ತದೆ.

ಸವಾರ ಅವರೇ, ನಿಮಗೆ ಎರಡು ಮಾತು. ಕೈಗೆ ಜೋಮು, ಬೆರಳಿಗೆ ಬಲ ಇಲ್ಲದಿರುವುದು, ನಡೆಯುವಾಗ ತೂಗಾಡುವುದು, ಇಂಥದ್ದು ಏನಾದರೂ ಇದ್ದರೆ ಪರಿಹಾರ ಗಿರಿಹಾರ ಬದಿಗಿಟ್ಟು ಇವತ್ತೇ ಮೂಳೆ ಡಾಕ್ಟರ್ ಅಥವಾ ನರರೋಗ ಡಾಕ್ಟರ್ ಹತ್ತಿರ ಓಡಿ. ಇಲ್ಲದಿದ್ದರೆ ಕಾಲರ್ ಹಾಕಿಕೊಂಡು ತಿಂಗಳುಗಟ್ಟಲೆ ಕೂರಬೇಡಿ, ಕತ್ತು ಇನ್ನೂ ಬಿಗಿಯುತ್ತದೆ. ನಿಧಾನಕ್ಕೆ ಆಡಿಸಬೇಕು. ಬಹಳ ಜನರಿಗೆ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ.

ಇನ್ನೊಂದು, ಫಿಸಿಯೋ ಹತ್ತಿರ ಹೋದಾಗ ಅಳತೆ ಬರೆಸಿಕೊಳ್ಳಿ. ಆರೋಗ್ಯವಂತರ ಕತ್ತು ಒಂದೊಂದು ಕಡೆಗೆ ಸುಮಾರು 80 ಡಿಗ್ರಿ ತಿರುಗುತ್ತದೆ. ನಿಮ್ಮದು ಬಲಕ್ಕೆ 40 ಇದ್ದರೆ 40 ಅಂತಲೇ ಚೀಟಿಯಲ್ಲಿ ಇರಲಿ, ಎರಡು ವಾರಕ್ಕೆ 55 ಆದರೆ ಅದೂ ಇರಲಿ. "ನೋವು ಇದೆ" ಅನ್ನುವ ಮಾತಿಗೂ "40 ಡಿಗ್ರಿ" ಅನ್ನುವ ಅಂಕಿಗೂ ವ್ಯತ್ಯಾಸ ಇದೆ. ಕೋರ್ಟಿಗೆ ಅಂತಲ್ಲ, ನಮಗೂ ಚಿಕಿತ್ಸೆ ನಡೆಯುತ್ತಿದೆಯಾ ಇಲ್ಲವಾ ತಿಳಿಯುವುದು ಅದರಿಂದಲೇ.

ಮೇಯೋಹಾಲ್ ಜೂನಿಯರ್ | ಶುಕ್ರವಾರ ಮಧ್ಯಾಹ್ನ 2.10

ಡ್ರೈವರ್ ಹುಡುಗನ ಬಗ್ಗೆ: ಪರಿಹಾರದ ದುಡ್ಡು ಕೊಡುವುದು ಅವನಲ್ಲ. ಗಾಡಿಗೆ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಂಪನಿ ಕೊಡುತ್ತದೆ. ಆ ವಿಮೆ ಕಡ್ಡಾಯ ಮಾಡಿರುವುದೇ ಇದಕ್ಕೆ. ಅವನ ಮೇಲೆ ಕ್ರಿಮಿನಲ್ ಕೇಸ್ ಆಗುತ್ತದೆ, ನಿಜ. ಸಾದಾ ಗಾಯವಾದರೆ ಬಹಳ ಜನ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಾರೆ.

ಜೆಪಿ ನಗರ 7ನೇ ಹಂತ | ಶುಕ್ರವಾರ ಮಧ್ಯಾಹ್ನ 2.30

ಸರಿ. ನಾನು ಆ ಹುಡುಗನ ದೃಷ್ಟಿಯಿಂದ ಹೇಳಿದೆ. ಪ್ರೀಮಿಯಂ ಮಾತು ವಾಪಸ್ ತಗೊಳ್ಳಲ್ಲ.

ಎರಡೂವರೆ ವರ್ಷ | ಶುಕ್ರವಾರ ಸಂಜೆ 6.15

ನನ್ನ ಹೆಸರೇ ನನ್ನ ಕಥೆ. ಸೊಂಟಕ್ಕೆ ಒಳಪೆಟ್ಟು. ವೂಂಡ್ ಸರ್ಟಿಫಿಕೇಟ್‌ನಲ್ಲಿ "ಸಾದಾ ಸ್ವರೂಪದ ಗಾಯ" ಅಂತ ಎರಡು ಸಾಲು. ನಮ್ಮ ವಕೀಲರು ಅರ್ಜಿಯಲ್ಲಿ ಎಂಟು ಲಕ್ಷ ಕೇಳಿದ್ದರು. ನಾನೂ ಎಂಟು ಲಕ್ಷ ಬಂತು ಅಂತಲೇ ಕಾರಿನ ಶೋರೂಂ ಮುಂದೆ ನಿಧಾನಕ್ಕೆ ಓಡಾಡುತ್ತಿದ್ದೆ. ಎರಡೂವರೆ ವರ್ಷ ಆದ ಮೇಲೆ ಬಂದಿದ್ದು 41 ಸಾವಿರ, ಮೇಲೆ ಬಡ್ಡಿ. ಅದರಲ್ಲಿ ಕಾಲು ಭಾಗ ವಕೀಲರಿಗೆ. ಮೇಲ್ಮನವಿ ಹಾಕೋಣ ಅಂದರೆ...

ಮೇಯೋಹಾಲ್ ಜೂನಿಯರ್ | ಶುಕ್ರವಾರ ರಾತ್ರಿ 9.00

...ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಹೈಕೋರ್ಟಿಗೆ ಮೇಲ್ಮನವಿ ಇಲ್ಲ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 173. ನಿಮ್ಮದು ಹಾಗಲ್ಲ. ಕೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಲಕ್ಷಗಟ್ಟಲೆ ಅಂತರ ಇತ್ತು, ಬಾಗಿಲು ತೆರೆದೇ ಇತ್ತು. ಆದರೆ ಸಾದಾ ಗಾಯಕ್ಕೆ ಅಲ್ಲಿ ಹೋದರೂ ಎಷ್ಟು ಏರುತ್ತಿತ್ತು ಅನ್ನುವುದು ಬೇರೆ ಮಾತು.

ಮೊತ್ತ ಹೇಗೆ ಕಟ್ಟುತ್ತಾರೆ ಅಂತ ಹೇಳಿಬಿಡುತ್ತೇನೆ, ಯಾರೂ ಎಂಟು ಲಕ್ಷದ ಕನಸು ಕಾಣದಿರಲಿ. ಸುಪ್ರೀಂ ಕೋರ್ಟಿನ ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ತೀರ್ಪು, ಯಾವ ಯಾವ ಬಾಬ್ತಿಗೆ ಪರಿಹಾರ ಅಂತ ಅದರಲ್ಲಿ ಎಲ್ಲ ಇದೆ. ಸಾಮಾನ್ಯ ಗಾಯದ ಕೇಸುಗಳಲ್ಲಿ ಸಿಗುವುದು ಮೂರೇ. ಚಿಕಿತ್ಸೆಯ ಖರ್ಚು (ಓಡಾಟ, ಒಳ್ಳೆಯ ಆಹಾರ ಇದರಲ್ಲೇ ಬರುತ್ತದೆ), ಚಿಕಿತ್ಸೆ ನಡೆದ ದಿನಗಳಲ್ಲಿ ಹೋದ ಸಂಪಾದನೆ, ನೋವಿಗೆ ಒಂದು ಮೊತ್ತ. ಮುಂದಿನ ಸಂಪಾದನೆಯ ನಷ್ಟ, ಬದುಕಿನ ಸುಖ ಕಳೆದದ್ದು ಇವೆಲ್ಲ ಬರುವುದು ಗಾಯ ಗಂಭೀರವಾಗಿದ್ದು, ಶಾಶ್ವತವಾಗಿ ಏನಾದರೂ ಉಳಿದಿದೆ ಅಂತ ವೈದ್ಯರ ಸಾಕ್ಷ್ಯ ಇದ್ದರೆ ಮಾತ್ರ.

2022ರ ಏಪ್ರಿಲ್ 1ರಿಂದ ಸೆಕ್ಷನ್ 164ರಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ನಿಗದಿ ಮಾಡಿದ್ದಾರೆ. ಸಾದಾ ಗಾಯಕ್ಕೆ ಅದರಲ್ಲಿ ಜಾಗವೇ ಇಲ್ಲ. ಸಾದಾ, ತೀವ್ರ ಅನ್ನುವ ಒಂದು ಪದಕ್ಕೆ ಎಷ್ಟು ಬೆಲೆ ನೋಡಿ.

ಅದೇ 2022ರ ಏಪ್ರಿಲ್‌ನಿಂದ ಇನ್ನೊಂದು ಬಂದಿದೆ: ಅರ್ಜಿ ಅಪಘಾತದ ದಿನದಿಂದ ಆರು ತಿಂಗಳೊಳಗೆ ಹಾಕಬೇಕು. ಮುಂಚೆ ಗಡುವು ಇರಲಿಲ್ಲ, ಅದೇ ನಂಬಿಕೊಂಡು ಈಗಲೂ ಜನ ಬರುತ್ತಾರೆ.

ಮೊಣಕಾಲು ಮೇಡಂ | ಶನಿವಾರ ಬೆಳಗ್ಗೆ 9.30

ಒಳಪೆಟ್ಟು ಅಂದರೆ ಸಣ್ಣದು ಅಂತ ಯಾರೂ ಅಂದುಕೊಳ್ಳಬೇಡಿ. ನನ್ನದು ಮೊಣಕಾಲಿನ ಒಳಗಿನ ಲಿಗಮೆಂಟ್, ಎಸಿಎಲ್ ಅನ್ನುತ್ತಾರೆ. ಎಕ್ಸ್‌ರೇ ಕ್ಲಿಯರ್, ಚರ್ಮದ ಮೇಲೆ ಒಂದು ಗೀರೂ ಇಲ್ಲ. ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದ್ದರು. ಆರು ವಾರ ಆದರೂ ಮೆಟ್ಟಿಲು ಇಳಿಯುವಾಗ ಮಂಡಿ ಇದ್ದಕ್ಕಿದ್ದಂತೆ ಕಳಚಿದ ಹಾಗೆ ಆಗುತ್ತಿತ್ತು. ಒಂದು ದಿನ ಮಲ್ಲೇಶ್ವರದಲ್ಲಿ ತರಕಾರಿ ಚೀಲ ಹಿಡಿದುಕೊಂಡು ರಸ್ತೆ ಮಧ್ಯೆಯೇ ಕೂತುಬಿಟ್ಟೆ. ಎಂಆರ್‌ಐ ಮಾಡಿಸಿದರೆ ಲಿಗಮೆಂಟ್ ಪೂರ್ತಿ ಹರಿದಿತ್ತು. ಆಪರೇಷನ್ ಆಯಿತು.

ವೂಂಡ್ ಸರ್ಟಿಫಿಕೇಟ್ ಅಷ್ಟರಲ್ಲಿ "ಸಾದಾ" ಅಂತ ಹೋಗಿಯಾಗಿತ್ತು. ವಕೀಲರು ಎಂಆರ್‌ಐ ರಿಪೋರ್ಟ್, ಆಪರೇಷನ್ ದಾಖಲೆ ಇಟ್ಟು, ಆಪರೇಷನ್ ಮಾಡಿದ ಡಾಕ್ಟರನ್ನೇ ಸಾಕ್ಷಿಗೆ ಕರೆಸಿದರು. ಅವರು ಕಾಲಿಗೆ ಶೇ 24 ಊನ ಅಂದರು. ಇಡೀ ದೇಹಕ್ಕೆ ಅಂತ ಬಂದಾಗ ಅದರ ಮೂರನೇ ಒಂದು ಭಾಗ, ಶೇ 8 ಹಿಡಿದರು. ನನಗೆ 33 ವರ್ಷ, ಆ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಗುಣಿಸುವ ಅಂಕಿ) 16. ತಿಂಗಳಿಗೆ 20,000 ಆದಾಯ. ವರ್ಷಕ್ಕೆ 2,40,000, ಹದಿನಾರರಿಂದ ಗುಣಿಸಿ ಅದರ ಶೇ 8 ಲೆಕ್ಕ ಹಾಕಿದರೆ 3,07,200. ಆಸ್ಪತ್ರೆ ಖರ್ಚು, ನೋವು ಬೇರೆ. ನಾನು ಮನೆಯಲ್ಲಿ ನೃತ್ಯ ಪಾಠ ಹೇಳಿಕೊಡುತ್ತಿದ್ದೆ, ಅದು ನಿಂತಿದ್ದಕ್ಕೆ ಒಪ್ಪಿದರು. ಆಫೀಸ್ ಕೆಲಸವಾಗಿದ್ದು ಅದೇ ಸಂಬಳಕ್ಕೆ ವಾಪಸ್ ಹೋಗಿದ್ದರೆ ಇದೆಲ್ಲ ಕೊಡುತ್ತಿರಲಿಲ್ಲ ಅಂತ ವಕೀಲರೇ ಹೇಳಿದರು.

ವಕೀಲರಿಗೆ ನಾನು ಒಂದು ರೂಪಾಯಿ ಕೊಡಲಿಲ್ಲ. ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಸಿಕ್ಕವರು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಸಿಗುತ್ತದೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಎರಡೂವರೆ ವರ್ಷ | ಶನಿವಾರ ಬೆಳಗ್ಗೆ 9.52

ಮೇಡಂ, ಇದು ಮೊದಲೇ ಗೊತ್ತಿದ್ದರೆ ಕಾಲು ಭಾಗ ಉಳಿಯುತ್ತಿತ್ತು.

ಮೇಯೋಹಾಲ್ ಜೂನಿಯರ್ | ಶನಿವಾರ ಬೆಳಗ್ಗೆ 10.30

ಕಾಲು ಭಾಗದ ಬಗ್ಗೆ ನನ್ನ ವೃತ್ತಿಯವರೇ ನನಗೆ ಬೈಯಬಹುದು, ಆದರೂ ಹೇಳುತ್ತೇನೆ. ಗೆದ್ದ ದುಡ್ಡಿನಲ್ಲಿ ಪಾಲು ಅಂತ ಫೀಸ್ ಮಾತಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಇಷ್ಟು ಫೀಸ್ ಅಂತ ಮೊದಲೇ ಕೇಳಿ, ಬರೆಸಿಕೊಳ್ಳಿ. ಆಸ್ಪತ್ರೆ ಬಾಗಿಲಲ್ಲೇ ನಿಂತು "ಖಾಲಿ ವಕಾಲತ್ತಿಗೆ ಸಹಿ ಹಾಕಿ, ಉಳಿದಿದ್ದು ನಾವು ನೋಡ್ಕೋತೀವಿ" ಅನ್ನುವವರ ಕೈಗೆ ಕಾಗದ ಕೊಡಬೇಡಿ.

ರಾತ್ರಿ ಡೆಲಿವರಿ | ಶನಿವಾರ ಬೆಳಗ್ಗೆ 11.40

ನಾನು ಫುಡ್ ಡೆಲಿವರಿ ಮಾಡೋದು. ಸ್ಯಾಲರಿ ಸ್ಲಿಪ್ ಇಲ್ಲ. ಮಣಿಕಟ್ಟು ಉಳುಕಿ 20 ದಿನ ಗಾಡಿ ಹಿಡಿಯೋಕೆ ಆಗಲಿಲ್ಲ. ನಮ್ಮಂಥವರಿಗೆ ಸಂಪಾದನೆ ಹೋಯ್ತು ಅಂತ ಹೇಗೆ ತೋರಿಸೋದು?

ಹಳೇ ಕ್ಲೇಮ್ಸ್ ಕೈ | ಶನಿವಾರ ಮಧ್ಯಾಹ್ನ 12.15

ತಮ್ಮಾ, ನಿನ್ನ ಹತ್ತಿರ ಸ್ಯಾಲರಿ ಸ್ಲಿಪ್‌ಗಿಂತ ಒಳ್ಳೆಯ ದಾಖಲೆ ಇದೆ. ಆ್ಯಪ್‌ನಲ್ಲಿ ವಾರವಾರದ ಗಳಿಕೆ ಬರುತ್ತದಲ್ಲ, ಅಪಘಾತಕ್ಕೆ ಮುಂಚಿನ ಮೂರು ತಿಂಗಳದ್ದು ಮತ್ತು ಆ 20 ದಿನದ್ದು ಇಳಿಸಿಕೋ. ಅಕೌಂಟ್ ಬ್ಲಾಕ್ ಆದರೆ ಅದೂ ಹೋಗುತ್ತದೆ, ಇವತ್ತೇ ಮಾಡು. ಜೊತೆಗೆ ಬ್ಯಾಂಕ್ ಪಾಸ್‌ಬುಕ್. ಏನೂ ಇಲ್ಲದಿದ್ದರೆ ನ್ಯಾಯಮಂಡಳಿ (ಈ ಪರಿಹಾರದ ಅರ್ಜಿ ಕೇಳುವ ಕೋರ್ಟ್) ಆ ವರ್ಷಕ್ಕೆ ಒಂದು ಅಂದಾಜು ಆದಾಯ ಹಿಡಿಯುತ್ತದೆ. ನಿನ್ನ ಗಳಿಕೆ ಅದಕ್ಕಿಂತ ಜಾಸ್ತಿ ಇದ್ದರೆ ನಷ್ಟ ನಿನಗೇ.

ಲೆಸ್ಟರ್ ಕನ್ನಡಿಗ | ಶನಿವಾರ ಸಂಜೆ 5.05

ಇಲ್ಲಿ ಇಂಗ್ಲೆಂಡಿನಲ್ಲಿ ಕತ್ತಿನ ಜರ್ಕ್‌ಗೆ ಸರ್ಕಾರವೇ ದರಪಟ್ಟಿ ಮಾಡಿದೆ, ನಮ್ಮೂರಿನ ಹೋಟೆಲ್ ಬೋರ್ಡಿನ ಹಾಗೆ. 2021ರ ಮೇ 31ರಿಂದ ಜಾರಿ. ಆಗ ಮೂರು ತಿಂಗಳೊಳಗೆ ವಾಸಿಯಾದರೆ 240 ಪೌಂಡ್, ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳು ನೋವಿದ್ದರೆ 4,215 ಇತ್ತು. 2025ರ ಮೇ 31ರಿಂದ ಸುಮಾರು ಶೇ 15 ಏರಿಸಿದ್ದಾರೆ. ವೈದ್ಯಕೀಯ ವರದಿ ಇಲ್ಲದೆ ರಾಜಿ ಮಾಡಿಕೊಳ್ಳುವಂತಿಲ್ಲ. ಸುಳ್ಳು ಕ್ಲೇಮು ಜಾಸ್ತಿ ಆಯಿತು ಅಂತ ತಂದಿದ್ದು, ಜೆಪಿ ನಗರದವರಿಗೆ ಇಷ್ಟ ಆಗಬಹುದು. ಆದರೆ ಬೈಕ್ ಸವಾರರಿಗೆ ಈ ಪಟ್ಟಿ ಅನ್ವಯಿಸಲ್ಲ.

ಬನಶಂಕರಿ ಬಸ್‌ಸ್ಟಾಪ್ | ಶನಿವಾರ ಸಂಜೆ 5.20

ನಮ್ಮಲ್ಲಿ ಬೈಕ್ ಸವಾರರನ್ನು ಬಿಟ್ಟರೆ ಪಟ್ಟಿಯಲ್ಲಿ ಉಳಿಯೋದು ಯಾರು ಸರ್!

ಇಬ್ಬರು ಮಕ್ಕಳ ಅಪ್ಪ | ಭಾನುವಾರ ಬೆಳಗ್ಗೆ 8.10

ಮೆಡಿಕ್ಲೇಮ್‌ನಲ್ಲಿ ಬಿಲ್ ಕಟ್ಟಿಸಿಕೊಂಡಿದ್ದರೆ ಅದೇ ಬಿಲ್ ಇಲ್ಲೂ ಕೇಳಬಹುದಾ?

ಮೇಯೋಹಾಲ್ ಜೂನಿಯರ್ | ಭಾನುವಾರ ಬೆಳಗ್ಗೆ 11.00

ಹೈಕೋರ್ಟುಗಳಲ್ಲೇ ಒಮ್ಮತ ಇಲ್ಲ. ಬಾಂಬೆ ಹೈಕೋರ್ಟಿನ ಪೂರ್ಣ ಪೀಠ 2025ರ ಮಾರ್ಚ್‌ನಲ್ಲಿ ಮೆಡಿಕ್ಲೇಮ್ ದುಡ್ಡನ್ನು ಪರಿಹಾರದಲ್ಲಿ ಕಳೆಯುವಂತಿಲ್ಲ ಅಂದಿತು. ನಮ್ಮಲ್ಲಿ ಆ ದುಡ್ಡನ್ನು ಕಳೆದು ಉಳಿದದ್ದು ಕೊಟ್ಟ ಉದಾಹರಣೆಗಳಿವೆ. ಮುಚ್ಚಿಡಬೇಡಿ, ಒರಿಜಿನಲ್ ಬಿಲ್ ಅಲ್ಲಿಗೆ ಕೊಡುವ ಮುಂಚೆ ಜೆರಾಕ್ಸ್ ಮಾಡಿಸಿ ಆಸ್ಪತ್ರೆಯ ಸೀಲ್ ಹಾಕಿಸಿಕೊಳ್ಳಿ.

ರಿಂಗ್‌ರೋಡ್ ಸವಾರ | ಮುಂದಿನ ಗುರುವಾರ ರಾತ್ರಿ 9.20

ಅಪ್‌ಡೇಟ್. ಠಾಣೆಯಲ್ಲಿ ಮೊದಲು "ಎರಡು ಸಾವಿರ ತಗೊಂಡಿದ್ದೀರಲ್ಲ, ರಾಜಿ ಆಯಿತಲ್ಲ" ಅಂದರು. ದೂರು ಬರೆದೇ ತಗೊಂಡು ಹೋಗಿದ್ದೆ. ಟೊಮೆಟೊ ಫೋಟೊ ತೋರಿಸಿದೆ. ಅಲ್ಲಿದ್ದ ಸಾಹೇಬರು ಫೋಟೊ ದೊಡ್ಡದು ಮಾಡಿ ನೋಡಿ, "ಬ್ರೇಕ್ ಗುರುತು ಕೂಡ ಇಲ್ಲವಲ್ಲ ಇವನದು" ಅಂದರು. ಎಫ್‌ಐಆರ್ ಆಯಿತು. ಮರುದಿನ ಸ್ಥಳ ಮಹಜರಿಗೆ ಕರೆದಿದ್ದರು. ನಾನು ನಿಂತಿದ್ದ ಜಾಗ ತೋರಿಸುವಾಗ ಅದೇ ಸಿಗ್ನಲ್ ಕಂಬದ ಪಕ್ಕ ಒಂದು ಒಣಗಿದ ಟೊಮೆಟೊ ಇನ್ನೂ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಕತ್ತಿನ ನೋವು ಅಪಘಾತದ ಹಿಸ್ಟರಿ ಜೊತೆ ಬರೆಸಿದೆ. ಫಿಸಿಯೋ ಅಳತೆ: ಬಲಕ್ಕೆ 45, ಎಡಕ್ಕೆ 60. ಇವತ್ತಿಗೆ ಹದಿನಾರನೇ ದಿನ. ಇನ್ನೂ ಪೂರ್ತಿ ದಿನ ಕೂರಲು ಆಗುತ್ತಿಲ್ಲ. ಪ್ರೆಸ್ ಓನರ್ ಹತ್ತಿರ ರಜೆಯ ದಿನ, ಕಡಿತವಾದ ಸಂಬಳ ಎಲ್ಲ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡೆ. ಅಕ್ಷರ ಜೋಡಿಸಿದ್ದು ನಾನೇ, ಸಹಿ ಅವರದ್ದು!

ಫಿಸಿಯೋ ಅಕ್ಕ | ಮುಂದಿನ ಗುರುವಾರ ರಾತ್ರಿ 9.45

45 ಚೆನ್ನಾಗಿದೆ. ಮಾನಿಟರ್ ಕಣ್ಣಿನ ಮಟ್ಟಕ್ಕೆ ಏರಿಸಿಕೊಳ್ಳಿ, ಎರಡು ದಪ್ಪ ಪುಸ್ತಕ ಇಟ್ಟರೆ ಸಾಕು. ಪ್ರೆಸ್‌ನಲ್ಲಿ ಅದಕ್ಕೇನು ಬರ.

ರಿಂಗ್‌ರೋಡ್ ಸವಾರ | ಹನ್ನೊಂದು ತಿಂಗಳ ನಂತರ, ಶನಿವಾರ ಸಂಜೆ 7.30

ಈ ಚರ್ಚೆ ಇನ್ನೂ ಜನ ಓದುತ್ತಿದ್ದಾರೆ ಅಂತ ನೋಟಿಫಿಕೇಶನ್ ಬಂತು, ಮುಗಿದಿದ್ದನ್ನು ಹೇಳಿಬಿಡುತ್ತೇನೆ.

ಅರ್ಜಿ ಐದನೇ ತಿಂಗಳಿಗೆ ಹಾಕಿದೆ. ಮೇಯೋಹಾಲ್ ಕೋರ್ಟಿಗೆ ನಾಲ್ಕು ಸಲ ಹೋದೆ. (ಗಾಡಿ ತಗೊಂಡು ಹೋಗಬೇಡಿ, ಪಾರ್ಕಿಂಗ್ ಹುಡುಕುವುದೇ ಒಂದು ಕೇಸ್. ಎಂ.ಜಿ. ರೋಡ್ ಮೆಟ್ರೊ ಇಳಿದು ನಡೆಯಿರಿ.) ಆಮೇಲೆ ಲೋಕ ಅದಾಲತ್‌ಗೆ ಹಾಕಿದರು. ಅಲ್ಲಿ ಒಪ್ಪಿದರೆ ಮೇಲ್ಮನವಿ ಇಲ್ಲ ಅಂತ ವಕೀಲರು ಮೊದಲೇ ಹೇಳಿದ್ದರು. ವೂಂಡ್ ಸರ್ಟಿಫಿಕೇಟ್‌ನಲ್ಲಿ ಕೊನೆಗೂ "ಸಾದಾ" ಅಂತಲೇ ಬಂದಿತ್ತು. ಆದರೆ 22 ದಿನ ಕೆಲಸಕ್ಕೆ ಹೋಗಿಲ್ಲ ಅನ್ನುವ ಪತ್ರ, ಫಿಸಿಯೋ ಅಳತೆ, ಬಿಲ್ಲುಗಳು ಎಲ್ಲ ಒಂದರ ಹಿಂದೆ ಒಂದು ತಾರೀಖಿನ ಪ್ರಕಾರ ಇದ್ದವು. ಕಂಪನಿಯವರು 35ರಿಂದ ಶುರು ಮಾಡಿದರು. ನಮ್ಮವರು 90 ಅಂದರು. ಕಡೆಗೆ 62 ಸಾವಿರಕ್ಕೆ ಸಹಿ ಆಯಿತು. ನನ್ನ ಖರ್ಚು, ಹೋದ ಸಂಬಳ ಸೇರಿ 38 ಸಾವಿರದ ಹತ್ತಿರ ಇತ್ತು. ಉಳಿದದ್ದು ನೋವಿಗೆ. ಭಾವ ಈಗ "ನಾನು ಅವತ್ತೇ ಹೇಳಿದ್ದೆ, ಕೇಸ್ ಹಾಕು ಅಂತ" ಅನ್ನುತ್ತಿದ್ದಾರೆ.

ಕತ್ತು ಶೇ 95 ಸರಿ. ಗಾಡಿ ರಿವರ್ಸ್ ತೆಗೆಯುವಾಗ ಮಾತ್ರ ಬಲಗಡೆ ಟಕ್ ಅನ್ನುತ್ತದೆ.

ಒಂದು ಮಾತು ಮರೆತೆ. ಮೊತ್ತ ಬರೆಯುವಾಗ ಕಂಪನಿಯ ವಕೀಲರು ಆ ಫೋನ್‌ಪೇ ಸ್ಟೇಟ್‌ಮೆಂಟ್ ತಿರುಗಿಸಿ ನೋಡಿ, "ಎರಡು ಸಾವಿರ ಆಗಲೇ ಬಂದಿದೆಯಲ್ಲ, 64ರಲ್ಲಿ ಅದನ್ನು ಕಳೆಯೋಣ" ಅಂದರು. ಹಾಗಾಗಿ 62.

ಹಳೇ ಕ್ಲೇಮ್ಸ್ ಕೈ | ಶನಿವಾರ ಸಂಜೆ 7.52

ನಾನಿದ್ದಿದ್ದರೂ ಕಳೆಯುತ್ತಿದ್ದೆ.